ಒಂದೇ ಚಿಪ್ಪಿನೊಳಗೆ ಬೇರೆ ಬೇರೆ ಪ್ರೊಸೆಸರ್: ಭದ್ರತೆ ಒಡೆಯುವುದು ಎಲ್ಲಿ? (ಕಾರವಾರದಿಂದ ಒಂದು ಪ್ರಾಜೆಕ್ಟ್ ಪ್ರಶ್ನೆ)

ಘಟ್ಟ ಇಳಿದವ
ಶನಿವಾರ, ರಾತ್ರಿ 10.40

ಕಾರವಾರದಲ್ಲಿ ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದೇನೆ. ಊರು ಸಿದ್ದಾಪುರದ ಕಡೆ. ಪ್ರಾಜೆಕ್ಟ್ ವಿಷಯ ಬರೆದುಕೊಡಲು ಇನ್ನು ಹದಿನೈದು ದಿನ ಇದೆ.

ನಮ್ಮ ಲ್ಯಾಬಿನ ಕಪಾಟಿನಲ್ಲಿ ಒಂದು ಝಿಂಕ್ 7000 ಬೋರ್ಡ್ ಇದೆ. ಒಂದೇ ಚಿಪ್ಪಿನಲ್ಲಿ ಎರಡು ಆರ್ಮ್ ಕಾರ್ಟೆಕ್ಸ್ ಎ9 ಕೋರ್, ಪಕ್ಕದಲ್ಲೇ ಎಫ್‌ಪಿಜಿಎ, ಅಂದರೆ ಬೇಕಾದ ಸರ್ಕ್ಯೂಟನ್ನು ನಾವೇ ತುಂಬಬಹುದಾದ ಭಾಗ. ಒಂದು ಕಡೆ ಲಿನಕ್ಸ್ ಓಡುತ್ತದೆ, ಇನ್ನೊಂದು ಕಡೆ ನಾವೇ ಬರೆದ ಸರ್ಕ್ಯೂಟ್. ಇಂಥ ಬೆರಕೆ ವ್ಯವಸ್ಥೆಯ ಭದ್ರತೆಯ ಮೇಲೆ ಕೆಲಸ ಮಾಡಬೇಕು ಅಂತ ಆಸೆ. ಗೈಡ್ ಸರ್ ಹತ್ತಿರ ಹೇಳಿದರೆ, "ಹಾರ್ಡ್‌ವೇರ್ ಸೆಕ್ಯುರಿಟಿಗೆ ಲಕ್ಷಗಟ್ಟಲೆ ರೂಪಾಯಿಯ ಉಪಕರಣ ಬೇಕು, ಇಲ್ಲಿ ಕೂತು ಆಗುವುದಲ್ಲ" ಅಂದರು. ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ನಾನು ಅರ್ಧಕ್ಕೆ ಕೈಬಿಟ್ಟರೆ ಮಾರ್ಕ್ಸ್ ಹೋಗುತ್ತದೆ ಎಂಬ ಕಾಳಜಿ.

ಸಿಪಿಯು ಭದ್ರತೆಗೆ ಪುಸ್ತಕಗಳಿವೆ, ಎಫ್‌ಪಿಜಿಎಗೂ ಇವೆ. ಎರಡನ್ನೂ ಅಕ್ಕಪಕ್ಕ ಇಟ್ಟಾಗ ಹೊಸದಾಗಿ ಹುಟ್ಟುವ ತೊಂದರೆ ಏನು? ಅದನ್ನು ಯಾರಾದರೂ ನೆಲಮಟ್ಟದಿಂದ ಹೇಳಿಕೊಡುತ್ತೀರಾ?

ಅಘನಾಶಿನಿ
ಶನಿವಾರ, ರಾತ್ರಿ 11.55

ತಮ್ಮಾ, ನಾನು ಕುಮಟಾದವಳು. ಬೆಂಗಳೂರಿನಲ್ಲಿ ಚಿಪ್ ವೆರಿಫಿಕೇಶನ್ ಕೆಲಸ, ಹನ್ನೊಂದು ವರ್ಷ ಆಯಿತು. ನಿನ್ನ ಪ್ರಶ್ನೆ ಓದಿ ನಿದ್ದೆ ಬರಲಿಲ್ಲ, ಬರೆದೇ ಮಲಗುತ್ತೇನೆ.

ನಮ್ಮೂರ ಗಜನಿ ಗದ್ದೆ ನೋಡಿದ್ದೀಯಲ್ಲ? ಒಡ್ಡಿನ ಆಚೆ ಉಪ್ಪುನೀರು, ಈಚೆ ಕಗ್ಗ ಭತ್ತ. ಒಡ್ಡು ಎಷ್ಟು ಗಟ್ಟಿ ಎಂದು ಎಲ್ಲರೂ ಕೇಳುತ್ತಾರೆ. ಅಪ್ಪ ಮಾತ್ರ ಮಳೆಗಾಲಕ್ಕೆ ಮೊದಲು ನೋಡುತ್ತಿದ್ದದ್ದು ನೀರು ಬಿಡುವ ಹಲಗೆ ಬಾಗಿಲನ್ನು. ಎರಡು ನೀರು ಒಂದಕ್ಕೊಂದು ತಾಗುವ ಜಾಗ ಅದು. ಬೇರೆ ಬೇರೆ ಪ್ರೊಸೆಸರ್ ಸೇರಿಸಿದ ವ್ಯವಸ್ಥೆಯಲ್ಲೂ ನೋಡಬೇಕಾದ್ದು ಅದನ್ನೇ. ಸಿಪಿಯು ಮಾಡಿದವರು ತಮ್ಮ ಭಾಗ ಸರಿ ಇದೆ ಎಂದು ಸಾಬೀತು ಮಾಡಿರುತ್ತಾರೆ, ಚಿತ್ರದ, ಎಐನ ಲೆಕ್ಕ ಮಾಡುವ ಜಿಪಿಯುದವರು ತಮ್ಮದನ್ನು. ಒಬ್ಬೊಬ್ಬರೂ "ಆಚೆಯವನು ನೋಡಿಕೊಳ್ಳುತ್ತಾನೆ" ಅಂದುಕೊಂಡದ್ದು ನಡುವೆ ಯಾರಿಗೂ ಸೇರದೆ ಉಳಿಯುತ್ತದೆ.

ಮೆಮೊರಿಯಿಂದಲೇ ಶುರು ಮಾಡೋಣ. ಸಿಪಿಯು ಮೇಲೆ ಓಡುವ ಪ್ರೋಗ್ರಾಂ ತನ್ನದಲ್ಲದ ವಿಳಾಸ ಓದಲು ಹೋದರೆ ಮೆಮೊರಿ ಕಾಯುವ ಎಂಎಂಯು ಎಂಬ ಘಟಕ ತಡೆಯುತ್ತದೆ. ಆದರೆ ಎಫ್‌ಪಿಜಿಎ, ಜಿಪಿಯು, ವೈಫೈ ಚಿಪ್ ಇವೆಲ್ಲ ಡಿಎಂಎ ಮೂಲಕ ಸಿಪಿಯುವನ್ನು ಕೇಳದೆ ಅದೇ ರ‍್ಯಾಮ್‌ಗೆ ಹೋಗುತ್ತವೆ. ಅವುಗಳ ದಾರಿಯಲ್ಲಿ ಕಾವಲು ಕೂರಿಸಲು ಐಒಎಂಎಂಯು ಎಂಬ ಬೇರೆಯೇ ಘಟಕ ಬೇಕು. ನಿನ್ನ ಕಪಾಟಿನ ಝಿಂಕ್ 7000ದಲ್ಲಿ ಅದು ಇಲ್ಲ. ಅದರ ನಂತರದ ಅಲ್ಟ್ರಾಸ್ಕೇಲ್ ಪ್ಲಸ್‌ನಲ್ಲಿ ಇದೆ. ಅಂದರೆ ನಿನ್ನ ಬೋರ್ಡಿನ ಎಫ್‌ಪಿಜಿಎಗೆ ಹಾಕಿದ ಸರ್ಕ್ಯೂಟ್ ಲಿನಕ್ಸಿನ ಯಾವ ಮೆಮೊರಿ ಪುಟವನ್ನಾದರೂ ಮುಟ್ಟಬಹುದು. ಅದನ್ನು ತೋರಿಸಲು ಲಕ್ಷ ರೂಪಾಯಿ ಬೇಡ.

ಈಗ ರೋಹ್ಯಾಮರ್ ಎಂಬ ದೋಷ. 2014ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಮತ್ತು ಇಂಟೆಲ್ ಸಂಶೋಧಕರು ಪ್ರಕಟಿಸಿದ್ದು. ಡಿರ‍್ಯಾಮ್‌ನ ಒಂದು ಸಾಲನ್ನು ಪದೇ ಪದೇ ತೆರೆದು ಮುಚ್ಚಿದರೆ ಪಕ್ಕದ ಸಾಲಿನ ಸಣ್ಣ ಕೆಪಾಸಿಟರ್‌ಗಳ ಚಾರ್ಜ್ ಸೋರಿ, 0 ಇದ್ದದ್ದು 1 ಆಗುತ್ತದೆ ಅಥವಾ 1 ಇದ್ದದ್ದು 0. ಅವರು ನೋಡಿದ 129 ಮಾಡ್ಯೂಲ್‌ಗಳಲ್ಲಿ 110ರಲ್ಲಿ ಹೀಗಾಯಿತು. ಆಗ ಎಲ್ಲರೂ ಯೋಚಿಸಿದ್ದು ಸಿಪಿಯು ಕಡೆಯಿಂದ ಹೀಗೆ ಬಡಿಯುವುದನ್ನು ತಡೆಯಲು. ನಂತರ 2018ರಲ್ಲಿ ಆಮ್ಸ್‌ಟರ್‌ಡ್ಯಾಮಿನ ತಂಡವೊಂದು ಗ್ಲಿಚ್ ಎಂಬ ದಾಳಿ ತೋರಿಸಿತು. ನೆಕ್ಸಸ್ 5 ಫೋನಿನಲ್ಲಿ ಬ್ರೌಸರ್ ತೆರೆದಿದೆ, ಪುಟದಲ್ಲಿನ ಚಿತ್ರ ಬಿಡಿಸುವ ವೆಬ್‌ಜಿಎಲ್ ಕೋಡ್ ಜಿಪಿಯು ಮೂಲಕ ಅದೇ ರ‍್ಯಾಮನ್ನು ಬಡಿಯುತ್ತದೆ, ಎರಡು ನಿಮಿಷದೊಳಗೆ ಬ್ರೌಸರ್ ವಶ. ಜಿಪಿಯು ಕಡೆಗೆ ಯಾರೂ ಕಾವಲು ಹಾಕಿರಲಿಲ್ಲ.

ಇನ್ನೂ ನಿನಗೆ ಹತ್ತಿರದ್ದು ಜ್ಯಾಕ್‌ಹ್ಯಾಮರ್ ಎಂಬ ದಾಳಿ. ಸರ್ವರ್ ಸಿಪಿಯು ಪಕ್ಕ ಎಫ್‌ಪಿಜಿಎ ಇರುವ ಯಂತ್ರದಲ್ಲಿ ಎಫ್‌ಪಿಜಿಎಯಿಂದ ಬಡಿದು ನೋಡಿದರು. ಸಿಪಿಯುವಿಗಿಂತ ಎರಡು ಪಟ್ಟು ವೇಗ, ಸುಮಾರು ನಾಲ್ಕು ಪಟ್ಟು ಹೆಚ್ಚು ಬಿಟ್‌ಗಳು ಮಗುಚಿದವು. ಸಿಪಿಯು ನಡುವೆ ಕ್ಯಾಶೆ ಎಂಬ ತನ್ನ ಸಣ್ಣ, ವೇಗದ ಮೆಮೊರಿ ದಾಟಬೇಕು, ಪ್ರತಿ ಸಲ ಅದನ್ನು ಖಾಲಿ ಮಾಡಬೇಕು. ಎಫ್‌ಪಿಜಿಎಗೆ ಆ ಹೊರೆ ಇಲ್ಲ. ಮೇಲಾಗಿ ಸಿಪಿಯುವಿನ ಲೆಕ್ಕದ ಪುಸ್ತಕದಲ್ಲಿ ಅದರ ಓಡಾಟ ದಾಖಲಾಗುವುದೇ ಇಲ್ಲ.

ನಾಳೆ ಮುಂದುವರಿಸುತ್ತೇನೆ.

ಬೈತಖೋಲ ಬಂದರು
ಭಾನುವಾರ, ಬೆಳಿಗ್ಗೆ 7.15

ನಾನು ದೋಣಿಗಳ ಜಿಪಿಎಸ್, ಎಕೋ ಸೌಂಡರ್ ರಿಪೇರಿ ಮಾಡುವವ. ಅಕ್ಕಾ, ಬರೆದದ್ದು ಅರ್ಥ ಆಯಿತು. ಆದರೆ ಒಂದು ಮಾತು ಕೇಳಲೇಬೇಕು. ಮೀನು ಹಿಡಿಯುವವರ ಫೋನಿನಿಂದ ದುಡ್ಡು ಹೋಗುವುದು ಓಟಿಪಿ ಕೇಳಿ ಮೋಸ ಮಾಡುವವರಿಂದ. ಹೋದ ವರ್ಷ ನಮ್ಮ ಓಣಿಯಲ್ಲೇ ಒಬ್ಬರಿಗೆ ಹಾಗಾಯಿತು, ಮಗಳ ಮದುವೆಗೆ ಇಟ್ಟದ್ದು. ಬಿಟ್ ಮಗುಚಿ ಯಾರೂ ಕದ್ದದ್ದು ಕೇಳಿಲ್ಲ. ಹುಡುಗ ಒಂದು ವರ್ಷ ಇದಕ್ಕೆ ಹಾಕುವುದಕ್ಕಿಂತ ಆ ಕಡೆ ಏನಾದರೂ ಮಾಡಿದರೆ ಜನರಿಗೆ ಉಪಕಾರ ಅಲ್ಲವಾ?

ಅಘನಾಶಿನಿ
ಭಾನುವಾರ, ಬೆಳಿಗ್ಗೆ 9.30

ಅಣ್ಣಾ, ನೀವು ಹೇಳಿದ ನೋವು ನಿಜ. ಇವತ್ತಿನ ಕಳ್ಳತನ ಹೆಚ್ಚು ನಡೆಯುವುದು ಹಾಗೆಯೇ. ಆದರೂ ಇದನ್ನು ಬಿಡಬಾರದು ಅನ್ನಲು ನನಗೆ ಒಂದೇ ಕಾರಣ: ಆ್ಯಪ್‌ನಲ್ಲಿ ದೋಷ ಇದ್ದರೆ ಒಂದು ವಾರದಲ್ಲಿ ಅಪ್‌ಡೇಟ್ ಬರುತ್ತದೆ. ಸಿಲಿಕಾನ್‌ನಲ್ಲಿ ಇದ್ದರೆ ಆ ವಸ್ತು ಹಳತಾಗಿ ಗುಜರಿಗೆ ಹೋಗುವ ತನಕ ಇರುತ್ತದೆ. 2020ರಲ್ಲಿ ಸ್ಟಾರ್‌ಬ್ಲೀಡ್ ಎಂಬ ದೋಷ ಹೊರಬಂತು. ಝೈಲಿಂಕ್ಸ್ 7 ಸರಣಿಯ ಎಫ್‌ಪಿಜಿಎಗಳಲ್ಲಿ ಎನ್‌ಕ್ರಿಪ್ಟ್ ಮಾಡಿದ ವಿನ್ಯಾಸ ಫೈಲನ್ನು ಆ ಚಿಪ್ಪನ್ನೇ ಬಳಸಿ ಬಿಡಿಸಬಹುದು ಎಂದು ಜರ್ಮನಿಯ ಸಂಶೋಧಕರು ತೋರಿಸಿದರು. ಯಂತ್ರಗಳೊಳಗೆ ಕೂತ ಆ ಚಿಪ್ಪುಗಳಿಗೆ ಅಪ್‌ಡೇಟ್ ಇಲ್ಲ. ಬದಲಿಸಬೇಕು, ಇಲ್ಲವೇ ಸುತ್ತ ಬೇರೆ ಕಾವಲು ಹಾಕಬೇಕು.

ಈಗ ಇನ್ನೊಂದು ಕಾರಣವೂ ಸೇರಿದೆ. ಜನ ತಮ್ಮ ಗುಟ್ಟನ್ನು ಎಐ ಹತ್ತಿರ ಹೇಳಿಕೊಳ್ಳುತ್ತಿದ್ದಾರೆ, ಅದು ಓಡುವುದು ಜಿಪಿಯು ಮೇಲೆ. 2024ರ ಜನವರಿಯಲ್ಲಿ ಟ್ರೇಲ್ ಆಫ್ ಬಿಟ್ಸ್ ತಂಡ ಲೆಫ್ಟೋವರ್‌ಲೋಕಲ್ಸ್ ಎಂಬ ದೋಷ ಪ್ರಕಟಿಸಿತು. ಜಿಪಿಯುವಿನೊಳಗೆ ಲೆಕ್ಕ ಮಾಡಲು ಸಣ್ಣ ಲೋಕಲ್ ಮೆಮೊರಿ ಇರುತ್ತದೆ. ಒಬ್ಬರ ಕೆಲಸ ಮುಗಿದ ಮೇಲೆ ಅದನ್ನು ಒರೆಸದೆ ಮುಂದಿನವರಿಗೆ ಕೊಡುತ್ತಿದ್ದರು. ಆಪಲ್, ಕ್ವಾಲ್‌ಕಾಮ್, ಎಎಂಡಿ, ಇಮ್ಯಾಜಿನೇಶನ್ ಚಿಪ್ಪುಗಳಲ್ಲಿ ಇದು ಕಂಡಿತು. ಎಎಂಡಿ ರೇಡಿಯಾನ್ ಆರ್‌ಎಕ್ಸ್ 7900 ಎಕ್ಸ್‌ಟಿಯಲ್ಲಿ ಪ್ರತಿ ಸಲ 5.5 ಎಂಬಿ ಸೋರಿಕೆ, 700 ಕೋಟಿ ಪ್ಯಾರಾಮೀಟರ್‌ನ ಭಾಷಾ ಮಾದರಿಗೆ ಕೇಳಿದ ಒಂದೊಂದು ಪ್ರಶ್ನೆಗೆ ಸುಮಾರು 181 ಎಂಬಿ. ಪಕ್ಕದಲ್ಲಿ ಕೂತ ಬೇರೆ ಪ್ರೋಗ್ರಾಂ ಆ ಉತ್ತರವನ್ನು ಮತ್ತೆ ಜೋಡಿಸಿಕೊಳ್ಳಬಹುದಿತ್ತು. ಖಾನಾವಳಿಯಲ್ಲಿ ಒಬ್ಬರು ಎದ್ದ ಮೇಲೆ ಎಲೆ ತೆಗೆಯದೆ ಇನ್ನೊಬ್ಬರನ್ನು ಕೂರಿಸಿದ ಹಾಗೆ. ಸಿಪಿಯುವಿನಲ್ಲಿ ಆಪರೇಟಿಂಗ್ ಸಿಸ್ಟಂ ದಶಕಗಳ ಹಿಂದೆಯೇ ಕಲಿತ ಶಿಸ್ತು ಇದು. ಆ ಜಿಪಿಯುಗಳಿಗೆ ಯಾರೂ ಕಲಿಸಿರಲಿಲ್ಲ.

ಚಾಲಿ ರಾಶಿ
ಭಾನುವಾರ, ಮಧ್ಯಾಹ್ನ 2.05

ಶಿರಸಿಯಿಂದ. ತಮಾ, ನಂಗೆ ಚಿಪ್ಪಿನ ಒಳಗಿಂದು ಗೊತ್ತಿಲ್ಲೆ, ಆದ್ರೆ ನಮ್ಮಲ್ಲಿ ಅಡಿಕೆ ಆರಿಸೋ ಯಂತ್ರ ಇದ್ದು. ಕ್ಯಾಮೆರಾ ನೋಡ್ತು, ಒಳಗೊಂದು ಜಿಪಿಯು ಬೋರ್ಡ್, ಅದು ಚಾಲಿ ಬೇರೆ, ಕೋಕಾ ಬೇರೆ, ಬಿಳಿಗೋಟು ಬೇರೆ ಹೇಳಿ ಗಾಳಿ ಊದಿ ತಳ್ತು. ಗಾಳಿ ಕವಾಟ ತೆಗೆಯೋ ಕೆಲಸ ಇನ್ನೊಂದು ಸಣ್ಣ ಬೋರ್ಡಿಂದು, ಎಫ್‌ಪಿಜಿಎ ಹೇಳಿ ಮಾರಿದವರು ಹೇಳಿದ್ರು.

ಎಲ್ಲರಿಗೂ ತಿಳಿಯಲಿ ಎಂದು ಪುಸ್ತಕದ ಕನ್ನಡದಲ್ಲೇ ಕೇಳುತ್ತೇನೆ. ಬಿಟ್ ಮಗುಚುವ ಈ ಸಂಗತಿ ಜಿಪಿಯುವಿನ ಸ್ವಂತ ಮೆಮೊರಿಯಲ್ಲೂ ಆಗುತ್ತದೆಯೇ? ಒಂದು ಬಿಟ್ ತಪ್ಪಿದರೆ ಎಷ್ಟು ಅಡಿಕೆ ತಪ್ಪೀತು? ಒಂದೆರಡು ಹೋದರೆ ಚಿಂತೆ ಇಲ್ಲ. ಆದರೆ ಬೆಳೆಗಾರ ನಂಬಿ ತಂದ ಮೂಟೆ. ದರ್ಜೆ ಬದಲಾದರೆ ಕ್ವಿಂಟಲಿಗೆ ಸಾವಿರಗಟ್ಟಲೆ ವ್ಯತ್ಯಾಸ.

ಅಘನಾಶಿನಿ
ಭಾನುವಾರ, ಸಂಜೆ 6.20

ಆಗುತ್ತದೆ. 2025ರ ಜುಲೈನಲ್ಲಿ ಟೊರಾಂಟೊ ವಿಶ್ವವಿದ್ಯಾಲಯದವರು ಜಿಪಿಯುಹ್ಯಾಮರ್ ಹೆಸರಿನಲ್ಲಿ ಪ್ರಕಟಿಸಿದರು. ಎನ್ವಿಡಿಯಾ ಎ6000 ಕಾರ್ಡಿನ ಜಿಡಿಡಿಆರ್6 ಮೆಮೊರಿಯಲ್ಲಿ ಎಂಟು ಬಿಟ್ ಮಗುಚಿದರು. ಒಂದೇ ಒಂದು ಬಿಟ್ ತಪ್ಪಿದ್ದಕ್ಕೆ ಚಿತ್ರ ಗುರುತಿಸುವ ಮಾದರಿಯ ನಿಖರತೆ 80 ಪ್ರತಿಶತದಿಂದ 0.1 ಪ್ರತಿಶತಕ್ಕೆ ಇಳಿಯಿತು.

ಒಂದು ಬಿಟ್‌ಗೆ ಅಷ್ಟೇಕೆ? ಮಾದರಿಯ ತೂಕಗಳನ್ನು, ಅಂದರೆ ಅದು ಕಲಿತು ಇಟ್ಟುಕೊಂಡ ಸಂಖ್ಯೆಗಳನ್ನು, ದಶಾಂಶ ಸಂಖ್ಯೆಯಾಗಿ ಇಡುತ್ತಾರೆ. ಅದರಲ್ಲಿ ಕೆಲವು ಬಿಟ್ ಘಾತಾಂಕಕ್ಕೆ. ಆ ಭಾಗದ ಮೇಲಿನ ಬಿಟ್ ಮಗುಚಿದರೆ 0.02 ಇದ್ದ ತೂಕ ಊಹೆಗೆ ನಿಲುಕದ ದೊಡ್ಡ ಸಂಖ್ಯೆ ಆಗುತ್ತದೆ, ಮುಂದಿನ ಪದರಗಳೆಲ್ಲ ಅದರ ಕೆಳಗೆ ಮುಳುಗುತ್ತವೆ. ಆಗ ನಿಮ್ಮ ಯಂತ್ರಕ್ಕೆ ಒಂದೆರಡು ಅಡಿಕೆ ತಪ್ಪುವುದಲ್ಲ, ಎಲ್ಲವೂ ಕೆಳದರ್ಜೆಯ ಕೋಕಾ.

ನಿಮ್ಮ ಯಂತ್ರದಲ್ಲಿ ಬೇರೆಯವರ ಪ್ರೋಗ್ರಾಂ ಓಡುವುದಿಲ್ಲ, ಹಾಗಾಗಿ ಇಂದೇ ಹೆದರಬೇಕಾಗಿಲ್ಲ. ಹಲವರು ಒಂದೇ ಜಿಪಿಯು ಹಂಚಿಕೊಳ್ಳುವ ಕ್ಲೌಡ್‌ನವರಿಗೆ ಇದು ದೊಡ್ಡ ತಲೆನೋವು. ಎನ್ವಿಡಿಯಾ ಕೊಟ್ಟ ಸಲಹೆ, ತಪ್ಪಿದ ಬಿಟ್ ಹಿಡಿದು ಸರಿಪಡಿಸುವ ಇಸಿಸಿ ಹಾಕಿಕೊಳ್ಳಿ ಎಂದು. ಆ ಕಾರ್ಡಿನಲ್ಲಿ ಅದರ ಬೆಲೆ ಗರಿಷ್ಠ 10 ಪ್ರತಿಶತ ನಿಧಾನ, ಮೆಮೊರಿಯಲ್ಲಿ 6.25 ಪ್ರತಿಶತ ಕಡಿಮೆ. ನನ್ನ ಅಭಿಪ್ರಾಯ ಕೇಳಿದರೆ ಆ ಬೆಲೆ ಕೊಡಲೇಬೇಕು.

ನಿವೃತ್ತ ಮಾಸ್ತರು, ಅಂಕೋಲಾ
ಸೋಮವಾರ, ಬೆಳಿಗ್ಗೆ 6.00

ಪಾಲಿಟೆಕ್ನಿಕ್‌ನಲ್ಲಿ ಮೂವತ್ತು ವರ್ಷ ಕಲಿಸಿದವನು. ಹುಡುಗನ ಗೈಡ್ ಹೇಳಿದ "ಲಕ್ಷಗಟ್ಟಲೆ ಉಪಕರಣ" ಎಂಬ ಮಾತಿಗೆ ಒಂದು ಕತೆ ಸೇರಿಸುತ್ತೇನೆ, ಏಕೆಂದರೆ ಆ ಮಾತು ಕೇಳಿ ಕೈಬಿಟ್ಟ ಮಕ್ಕಳನ್ನು ಬಹಳ ನೋಡಿದ್ದೇನೆ.

2024ರ ಆಗಸ್ಟ್‌ನಲ್ಲಿ ರಾಸ್ಪ್‌ಬೆರಿ ಪೈ ಸಂಸ್ಥೆ ಆರ್‌ಪಿ2350 ಚಿಪ್ ತಂದಿತು. ಐದು ಡಾಲರಿನ ಪೀಕೊ 2 ಬೋರ್ಡಿನಲ್ಲಿ ಇರುವುದು ಅದೇ. ಒಳಗೆ ಎರಡು ಆರ್ಮ್ ಕಾರ್ಟೆಕ್ಸ್ ಎಂ33, ಜೊತೆಗೆ ಹ್ಯಾಜಾರ್ಡ್3 ಹೆಸರಿನ, ಬೇರೆ ಜಾತಿಯ ಎರಡು ರಿಸ್ಕ್-ಫೈವ್ ಕೋರ್. ಬೇಕಾದ್ದನ್ನು ಆರಿಸಿ ಬೂಟ್ ಮಾಡಬಹುದು. ಭದ್ರತೆ ಬೇಕಾದವರು ಒಳಗಿನ ಫ್ಯೂಸ್ (ಒಮ್ಮೆ ಬರೆದರೆ ಅಳಿಸಲಾಗದ ಗುರುತು) ಸುಟ್ಟು ರಿಸ್ಕ್-ಫೈವ್ ಕೋರ್‌ಗಳನ್ನು ಶಾಶ್ವತವಾಗಿ ಮಲಗಿಸಬಹುದು. ಸಂಸ್ಥೆ ತಾನೇ ಸವಾಲು ಹಾಕಿತು: ಒಳಗೆ ಬಚ್ಚಿಟ್ಟ 128 ಬಿಟ್ ಗುಟ್ಟು ತೆಗೆದವರಿಗೆ ಬಹುಮಾನ. ಮೊದಲು 10,000 ಡಾಲರ್, ಆಮೇಲೆ 20,000ಕ್ಕೆ ಏರಿಸಿದರು.

ಏಡನ್ ಕಲೆನ್ ಎಂಬ ಎಂಜಿನಿಯರ್ ಅದನ್ನು ತೆಗೆದರು. ಫ್ಯೂಸ್ ಓದುವ ಭಾಗಕ್ಕೆ ವಿದ್ಯುತ್ ಕೊಡುವ ಒಂದು ಪಿನ್ ಇದೆ. ಚಿಪ್ ಎದ್ದೇಳುವಾಗ ಸರಿಯಾದ ಕ್ಷಣಕ್ಕೆ ಆ ಪಿನ್ನಿನ ವಿದ್ಯುತ್ತನ್ನು ಚಿಟಿಕೆಯಷ್ಟು ಹೊತ್ತು ಕಡಿದರು. ಫ್ಯೂಸ್ ಓದಿದ್ದು ತಪ್ಪಾಯಿತು. "ಶಾಶ್ವತವಾಗಿ ಮಲಗಿದ್ದ" ರಿಸ್ಕ್-ಫೈವ್ ಕೋರ್‌ಗಳು ಎದ್ದು ಕೂತವು, ಚಿಪ್ಪಿನ ಒಳಗನ್ನು ನೋಡುವ ಡೀಬಗ್ ಬಾಗಿಲೂ ತೆರೆದಿತ್ತು. ಆರ್ಮ್ ಕಡೆ ಹಾಕಿದ್ದ ಬೀಗವನ್ನು ಅವರು ಮುಟ್ಟಲೇ ಇಲ್ಲ.

ಮಗನೇ, ಇದು ನಿನ್ನ ಪ್ರಶ್ನೆಗೆ ಅಚ್ಚುಕಟ್ಟಾದ ಉತ್ತರ. ಒಂದು ಜಾತಿಯ ಕೋರಿಗೆ ಬೀಗ, ಇನ್ನೊಂದು ಜಾತಿಯ ಕೋರು ಅದೇ ಗುಟ್ಟಿನ ಪಕ್ಕದಲ್ಲಿ. 2025ರ ಜನವರಿಯಲ್ಲಿ ಸಂಸ್ಥೆಯೇ ಗೆದ್ದವರ ವಿಧಾನಗಳನ್ನೆಲ್ಲ ಮುಚ್ಚುಮರೆ ಇಲ್ಲದೆ ಬರೆದು ಪ್ರಕಟಿಸಿತು. ಅದನ್ನು ನಾನು ಬಹಳ ಗೌರವಿಸುತ್ತೇನೆ. ಗೆದ್ದವರಲ್ಲಿ ಲೇಸರ್ ಬಳಸಿದವರೂ ಇದ್ದರು, ಅದು ನಮಗೆ ಎಟುಕದ್ದು. ಆದರೆ ಕಲೆನ್ ಮುಟ್ಟಿದ್ದು ಒಂದು ಪಿನ್ನು.

ಘಟ್ಟ ಇಳಿದವ
ಸೋಮವಾರ, ರಾತ್ರಿ 9.10

ಮಾಸ್ತರೇ, ಇದನ್ನು ಎರಡು ಸಲ ಓದಿದೆ. ಹಳೆಯ ರಾಸ್ಪ್‌ಬೆರಿ ಪೈ ಬೋರ್ಡುಗಳಲ್ಲಿ ಮೊದಲು ಏಳುವುದು ಜಿಪಿಯು, ಅದು ಎಸ್‌ಡಿ ಕಾರ್ಡಿನಿಂದ ಫೈಲು ಓದಿ ಆಮೇಲೆ ಆರ್ಮ್ ಕೋರ್ ಎಬ್ಬಿಸುತ್ತದೆ ಎಂದು ಓದಿದ್ದು ಈಗ ನೆನಪಾಯಿತು. ಯಾರು ಯಾರನ್ನು ಎಬ್ಬಿಸುತ್ತಾರೆ ಎಂಬುದೇ ನಂಬಿಕೆಯ ಸರಪಳಿ ಅಲ್ಲವೇ.

ಒಂದು ಅನುಮಾನ: ಐಒಎಂಎಂಯು ಇರುವ ಚಿಪ್ ತಗೊಂಡರೆ ಡಿಎಂಎ ವಿಷಯ ಮುಗಿಯಿತು ಅಂತಲಾ?

ಅಘನಾಶಿನಿ
ಸೋಮವಾರ, ರಾತ್ರಿ 10.25

ಮುಗಿಯಲಿಲ್ಲ. ಕೇಂಬ್ರಿಜ್ ಮತ್ತು ರೈಸ್ ವಿಶ್ವವಿದ್ಯಾಲಯದವರು 2019ರಲ್ಲಿ ಥಂಡರ್‌ಕ್ಲ್ಯಾಪ್ ಪ್ರಕಟಿಸಿದರು. ಐಒಎಂಎಂಯು ಇದ್ದ ಲ್ಯಾಪ್‌ಟಾಪುಗಳಲ್ಲೇ ಪೋರ್ಟಿಗೆ ಚುಚ್ಚಿದ ಸುಳ್ಳು ಸಾಧನ ಒಳಹೊಕ್ಕಿತು. ಕೆಲವು ಆಪರೇಟಿಂಗ್ ಸಿಸ್ಟಂ ಅದನ್ನು ಆನ್ ಮಾಡಿರಲಿಲ್ಲ, ಆನ್ ಮಾಡಿದ್ದವು ಹಂಚಿಕೊಂಡ ಪುಟದಲ್ಲೇ ಸೂಕ್ಷ್ಮ ವಿವರ ಬಿಟ್ಟಿದ್ದವು. ಬಾಗಿಲು ಇದ್ದರೆ ಸಾಲದು, ಸಮುದ್ರದ ಉಬ್ಬರ ಬರುವ ಮೊದಲು ಹಲಗೆ ಇಳಿಸುವವರೂ ಬೇಕು.

ವಿದ್ಯುತ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಯಾಕೆಂದರೆ ಒಂದು ವರ್ಷದಲ್ಲಿ ನಿನ್ನಿಂದ ಆಗುವುದು ಮೆಮೊರಿಯ ಕೆಲಸ. ಎಲ್ಲ ಕೋರ್‌ಗಳಿಗೂ ಬೋರ್ಡಿನಲ್ಲಿ ವಿದ್ಯುತ್ ಹಂಚುವ ಜಾಲ ಸಾಮಾನ್ಯವಾಗಿ ಒಂದೇ. ಎಫ್‌ಪಿಜಿಎಯಲ್ಲಿ ವೋಲ್ಟೇಜಿನ ಜೊತೆ ವೇಗ ಬದಲಿಸುವ ರಿಂಗ್ ಆಸಿಲೇಟರ್ ಎಂಬ ಸರ್ಕ್ಯೂಟ್ ಕಟ್ಟಿ, ಅದರ ವೇಗದ ಏರಿಳಿತ ನೋಡಿ, ಅದೇ ಚಿಪ್ಪಿನ ಸಿಪಿಯು ಮಾಡುವ ಗುಪ್ತಲಿಪಿ ಲೆಕ್ಕದ ಕೀ ಊಹಿಸಬಹುದು ಎಂದು 2018ರಲ್ಲೇ ತೋರಿಸಿದ್ದಾರೆ. ತಂತಿ ಚುಚ್ಚಬೇಕಿಲ್ಲ.

ಇನ್ನೊಂದು ಹೇಳದಿದ್ದರೆ ಅನ್ಯಾಯ. ಬೆರಕೆ ಎಂದರೆ ಬರೀ ಅಪಾಯ ಅಲ್ಲ. 2024ರ ಗೋಫೆಚ್ ದಾಳಿಯಲ್ಲಿ ಆಪಲ್ ಎಂ1 ಚಿಪ್ಪಿನ ದೊಡ್ಡ ಕೋರ್‌ಗಳಲ್ಲಿ ಮುಂದೆ ಬೇಕಾದೀತು ಎಂದು ಊಹಿಸಿ ಮೆಮೊರಿಯಿಂದ ತರುವ ಪ್ರಿಫೆಚರ್, ಡೇಟಾವನ್ನೇ ವಿಳಾಸ ಎಂದು ಭಾವಿಸಿ ಮುಂದಾಗಿ ತರಲು ಹೋಗಿ ಕೀ ಸೋರಿಸುತ್ತಿತ್ತು. ಸಣ್ಣ ಕೋರ್‌ಗಳಲ್ಲಿ ಆ ಚಾಳಿ ಇಲ್ಲ. ಗುಪ್ತಲಿಪಿ ಕೆಲಸವನ್ನು ಸಣ್ಣ ಕೋರ್ ಮೇಲೆ ಓಡಿಸಿ ಎಂಬುದು ಸಂಶೋಧಕರು ಕೊಟ್ಟ ಸಲಹೆಗಳಲ್ಲಿ ಒಂದು. ನಿಧಾನದ ಕೋರ್ ಇದ್ದದ್ದೇ ಅಲ್ಲಿ ಆಸರೆ ಆಯಿತು.

ಕೆಲಸ ಶುರು ಮಾಡುವ ಮೊದಲು ಒಂದು ಗಟ್ಟಿ ಮಾತು, ಅಕ್ಕನಾಗಿ: ಕಾಲೇಜಿನ ಬೋರ್ಡ್, ನಿನ್ನ ಬೋರ್ಡ್, ಇಷ್ಟರ ಮೇಲೆ ಮಾತ್ರ. ಬೇರೆಯವರ ಯಂತ್ರವನ್ನು ಕೇಳದೆ ಮುಟ್ಟುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ಕ್ಕೆ ವಿರುದ್ಧ. ಏನಾದರೂ ನಿಜವಾದ ದೋಷ ಸಿಕ್ಕರೆ ಮೊದಲು ತಯಾರಕರಿಗೆ ಅಥವಾ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ತಂಡವಾದ ಸರ್ಟ್-ಇನ್‌ಗೆ ತಿಳಿಸು. ಗೆಳೆಯರಿಗೆ ಆಮೇಲೆ.

ಘಟ್ಟ ಇಳಿದವ
ಮೂರು ವಾರದ ನಂತರ, ಭಾನುವಾರ, ರಾತ್ರಿ 11.30

ಆಯಿತು! ಮೊದಲಿನಿಂದ ಹೇಳುತ್ತೇನೆ.

ಲಿನಕ್ಸಿನಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದು "ಮಾರಿಕಾಂಬಾ" ಎಂಬ ಪದವನ್ನು ಮೆಮೊರಿಯಲ್ಲಿ ಇಟ್ಟೆ. ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ ಅದರ ಭೌತಿಕ ವಿಳಾಸ ಹುಡುಕಿದೆ. ಎಫ್‌ಪಿಜಿಎ ಕಡೆಯಿಂದ ಎಚ್‌ಪಿ ಪೋರ್ಟ್ ಮೂಲಕ ಆ ವಿಳಾಸ ಓದುವ ಸರ್ಕ್ಯೂಟ್ ಬರೆದೆ. ಬಂದದ್ದು ಬರೀ ಸೊನ್ನೆ. ನಾಲ್ಕು ದಿನ ವಿಳಾಸದ ಲೆಕ್ಕವೇ ತಪ್ಪಿದೆ ಎಂದುಕೊಂಡು ಒದ್ದಾಡಿದೆ. ನಡುವೆ ಮಳೆಗೆ ಹಾಸ್ಟೆಲಿನಲ್ಲಿ ಒಂದೂವರೆ ದಿನ ಕರೆಂಟ್ ಇರಲಿಲ್ಲ, ಕತ್ತಲಲ್ಲಿ ಮಲಗಿ ಯೋಚಿಸುವಾಗ ಹೊಳೆಯಿತು: ಪದ ಇನ್ನೂ ಸಿಪಿಯುವಿನ ಕ್ಯಾಶೆಯಲ್ಲೇ ಇದೆ, ರ‍್ಯಾಮ್‌ಗೆ ಇಳಿದೇ ಇಲ್ಲ. ಎಚ್‌ಪಿ ಪೋರ್ಟ್ ಕ್ಯಾಶೆಯನ್ನು ಕೇಳುವುದಿಲ್ಲ, ನೇರ ರ‍್ಯಾಮ್‌ಗೆ ಹೋಗುತ್ತದೆ. ಕ್ಯಾಶೆ ತುಂಬುವಷ್ಟು ಬೇರೆ ಡೇಟಾ ಓದಿಸಿದ ಮೇಲೆ ಪದ ಹೊರಗೆ ಬಂತು. ಆಮೇಲೆ ಕ್ಯಾಶೆಯನ್ನೂ ಕೇಳುವ ಎಸಿಪಿ ಪೋರ್ಟ್‌ಗೆ ಬದಲಿಸಿದೆ, ಆಗ ಆ ಒದ್ದಾಟವೇ ಬೇಕಾಗಲಿಲ್ಲ. ಓದುವುದಷ್ಟೇ ಅಲ್ಲ, ಒಂದು ಅಕ್ಷರ ಬದಲಿಸಿ ಬರೆದೆ. ಲಿನಕ್ಸಿನ ಪ್ರೋಗ್ರಾಂ ಬದಲಾದ ಪದವನ್ನೇ ಮುದ್ರಿಸಿತು. ಯಾವ ಎಚ್ಚರಿಕೆಯೂ ಇಲ್ಲ, ಲಾಗ್‌ನಲ್ಲಿ ಒಂದು ಸಾಲೂ ಇಲ್ಲ.

ಗೈಡ್ ಸರ್‌ಗೆ ತೋರಿಸಿದೆ. ಬಹಳ ಹೊತ್ತು ಸುಮ್ಮನೆ ನೋಡಿ, "ಇದನ್ನು ತಡೆಯುವುದು ಹೇಗೆ ಅಂತ ಮಾಡು, ಅದೇ ಪ್ರಾಜೆಕ್ಟ್" ಅಂದರು. ಈಗ ಯೋಚನೆ ಹೀಗಿದೆ. ಎಫ್‌ಪಿಜಿಎಯನ್ನು ಎರಡು ಭಾಗ ಮಾಡುವುದು. ಒಂದು ಬದಲಾಗದ ಭಾಗ, ಇನ್ನೊಂದು ಬೇಕಾದಾಗ ಹೊಸ ಸರ್ಕ್ಯೂಟ್ ತುಂಬುವ ಭಾಗ. ರ‍್ಯಾಮ್‌ಗೆ ಹೋಗುವ ಪ್ರತಿ ವಿಳಾಸವೂ ಬದಲಾಗದ ಭಾಗದ ಒಂದು ಜರಡಿ ದಾಟಬೇಕು. ಕೊಟ್ಟ ಗಡಿಯೊಳಗಿದ್ದರೆ ಬಿಡುವುದು, ಇಲ್ಲದಿದ್ದರೆ ದೋಷ ಎಂದು ಹಿಂದಕ್ಕೆ. ಗಡಿ ಹಾಕುವ ಹಕ್ಕು ಲಿನಕ್ಸ್ ಕರ್ನಲ್‌ಗೆ ಮಾತ್ರ. ಮೊದಲ ರೂಪ ಓಡಿಸಿದೆ, ನನ್ನ ವಿನ್ಯಾಸದಲ್ಲಿ ಒಂದು ಕ್ಲಾಕ್ ಸುತ್ತಿನಷ್ಟು ಸಮಯ ಹೆಚ್ಚು ಹಿಡಿಯಿತು.

ಅಘನಾಶಿನಿ
ಸೋಮವಾರ, ಬೆಳಿಗ್ಗೆ 7.40

ಓದಿ ಕಣ್ಣು ತುಂಬಿ ಬಂತು ತಮ್ಮಾ. ಸೊನ್ನೆ ಬಂದ ಆ ನಾಲ್ಕು ದಿನವನ್ನು ವರದಿಯಲ್ಲಿ ಬಿಡಬೇಡ, ಹಾಗೇ ಬರೆ. ಒಂದೇ ಮೆಮೊರಿಯನ್ನು ಇಬ್ಬರು ಬೇರೆ ಬೇರೆಯಾಗಿ ಕಾಣುತ್ತಾರೆ ಎಂಬುದು ನಿನಗೆ ತಿಳಿದದ್ದು ಅಲ್ಲಿಯೇ.

ಜರಡಿಯಲ್ಲಿ ಒಂದು ನೋಡಿಕೋ. ಬರ್ಸ್ಟ್ (ಒಂದೇ ಕೋರಿಕೆಗೆ ಸಾಲಾಗಿ ಹೋಗುವ ಡೇಟಾ) ಶುರುವಾಗುವ ವಿಳಾಸ ಗಡಿಯೊಳಗಿದ್ದು, ಕೊನೆ ಗಡಿ ದಾಟಿದರೆ? ಶುರುವಿನದನ್ನು ಮಾತ್ರ ಪರೀಕ್ಷಿಸಿದ್ದರೆ ಅಲ್ಲೇ ತೂತು. ಇನ್ನೊಂದು, ಹೊಸ ಸರ್ಕ್ಯೂಟ್ ತುಂಬುತ್ತಿರುವಾಗ ಆ ಭಾಗದ ತಂತಿಗಳಲ್ಲಿ ಏನೇನೋ ಬರಬಹುದು, ಆ ಹೊತ್ತು ಬಾಗಿಲು ಪೂರ್ತಿ ಮುಚ್ಚಿರಬೇಕು.

ಘಟ್ಟ ಇಳಿದವ
ಸೋಮವಾರ, ಬೆಳಿಗ್ಗೆ 8.05

ಶುರುವಿನದನ್ನು ಮಾತ್ರ ನೋಡಿದ್ದೆ ಅಕ್ಕಾ. ಇವತ್ತೇ ಸರಿ ಮಾಡುತ್ತೇನೆ.

ಬೈತಖೋಲ ಬಂದರು
ಸೋಮವಾರ, ಮಧ್ಯಾಹ್ನ 1.15

ನಾನು ಅವತ್ತು ಕೇಳಿದ ಪ್ರಶ್ನೆ ಈಗಲೂ ನನ್ನ ತಲೆಯಲ್ಲಿದೆ, ಆದರೆ ಹುಡುಗ ಮಾಡಿದ್ದು ನೋಡಿ ಸಂತೋಷ ಆಯಿತು. ಹಳೆಯ ಆಸಿಲೋಸ್ಕೋಪ್ ಒಂದು ನನ್ನ ಅಂಗಡಿಯಲ್ಲಿ ಸುಮ್ಮನೆ ಕೂತಿದೆ, ಎರಡು ಚಾನೆಲ್, ಚೆನ್ನಾಗಿದೆ. ಮಾಸ್ತರು ಹೇಳಿದ ಆ ಪಿನ್ನಿನ ಕೆಲಸ ಮಾಡುವ ದಿನ ಬಂದರೆ ತಗೊಂಡು ಹೋಗು. ಬಂದರಿನ ಗೇಟಿನ ಹತ್ತಿರ ಬಂದು ಕೇಳಿದರೆ ತೋರಿಸುತ್ತಾರೆ.

ಚಾಲಿ ರಾಶಿ
ಸೋಮವಾರ, ರಾತ್ರಿ 8.50

ತಮಾ, ನಮ್ಮ ಯಂತ್ರಕ್ಕೆ ವರ್ಷಕ್ಕೊಮ್ಮೆ ಮಾರಿದವರು ಪೆನ್‌ಡ್ರೈವ್‌ನಲ್ಲಿ ಹೊಸ ಫೈಲ್ ಕಳಿಸುತ್ತಾರೆ, ನಾನೇ ಚುಚ್ಚಿ ಹಾಕುತ್ತೇನೆ. ಅದು ಎಫ್‌ಪಿಜಿಎಗೂ ಹೋಗುತ್ತದೆ ಎಂದು ಈಗ ಗೊತ್ತಾಯಿತು. ಆ ಫೈಲ್ ನಿಜವಾಗಿ ಅವರದ್ದೇ ಎಂದು ಯಂತ್ರ ಪರೀಕ್ಷಿಸುತ್ತದೆಯೋ ಇಲ್ಲವೋ ನೋಡಬಹುದಾ? ಯಂತ್ರ ನನ್ನದು, ದುಡ್ಡು ಕೊಟ್ಟು ತಗೊಂಡದ್ದು. ಅವರಿಗೂ ಪತ್ರ ಬರೆದು ಕೇಳಿದ್ದೇನೆ, ಉತ್ತರ ಬಂದಿಲ್ಲೆ.

ಘಟ್ಟ ಇಳಿದವ
ಸೋಮವಾರ, ರಾತ್ರಿ 9.20

ಅವರ ಉತ್ತರ ಬರಲಿ, ಅಲ್ಲಿಯ ತನಕ ಹಳೆಯ ಪೆನ್‌ಡ್ರೈವ್ ಹಾಗೇ ಎತ್ತಿಟ್ಟಿರಿ, ಒರೆಸಬೇಡಿ. ಅವರು ಒಪ್ಪಿದರೆ ಮುಂದಿನ ಶನಿವಾರ ಬೋರ್ಡ್ ಹಿಡಿದುಕೊಂಡು ಬರುತ್ತೇನೆ. ದೇವಿಮನೆ ಘಟ್ಟದಲ್ಲಿ ಬಸ್ ಬಿಡದಿದ್ದರೆ ಯಲ್ಲಾಪುರದ ಮೇಲಿಂದ.